ಒವನ್ನಿನ ಬಾಗಿಲ ಚಿಲಕ: ಮನೆಯಲ್ಲಿ ಮಾಡಬಹುದಾದ ರಿಪೇರಿ, ಮಾಡಬಾರದ ರಿಪೇರಿ



ನಮ್ಮ ಮನೆಯ ತಲೆಬಾಗಿಲಿಗೆ ಚಿಲಕವಿದೆ. ದನದ ಕೊಟ್ಟಿಗೆಗೆ ಅಗಳಿ ಇದೆ. ತಲೆಬಾಗಿಲಿನ ಚಿಲಕವು ಹೊರಗಿನವರು ಒಳಗೆ ಬಾರದಂತೆ ಕಾಯುತ್ತದೆ. ಕೊಟ್ಟಿಗೆಯ ಅಗಳಿಯು ಒಳಗಿನ ಹೋರಿಯು ಹೊರಗೆ ನುಗ್ಗದಂತೆ ಕಾಯುತ್ತದೆ. ಈ ಸಲದ ಪಾಠದಲ್ಲಿ ನಾವು ನೋಡಲಿರುವುದು ಎರಡನೆಯ ಜಾತಿಯ ಚಿಲಕ. ಅದು ಮೈಕ್ರೋವೇವ್ ಒವನ್ನಿನ ಬಾಗಿಲ ಚಿಲಕ.

“ಮನೆಯಲ್ಲಿ ರೊಟ್ಟಿ ಬೇಯಿಸುವ ಒಲೆ ಇರುವಾಗ, ಗ್ಯಾಸೂ ಬಂದಿರುವಾಗ ಈ ಪೆಟ್ಟಿಗೆಯ ಮಾತು ಎಕಂಬಾದಂತಹ ಊರಿಗೆ ಏಕೆ?” ಎಂದು ಕೆಲವರು ಕೇಳಬಹುದು. ಕೇಳುವುದು ಸರಿಯೇ. ಆದರೆ ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ದುಡಿಯುವ ಮಕ್ಕಳು ತಾವು ಹೊಸದನ್ನು ಕೊಂಡಾಗ ಹಳೆಯ ಒವನ್ನನ್ನು ಊರಿಗೆ ತಂದು ತಾಯಿಯ ಅಡುಗೆಮನೆಯಲ್ಲಿ ಇಟ್ಟು ಹೋಗುವುದುಂಟು. ಮದುವೆಯ ಉಡುಗೊರೆಯಾಗಿ ಬಂದದ್ದೂ ಉಂಟು. ರಸ್ತೆಯ ಬದಿಯ ಚಹಾ ಅಂಗಡಿ, ಬೇಕರಿಗಳಲ್ಲಿಯೂ ಅದು ಕಾಣುತ್ತದೆ. ಇಂತಹ ಹಳೆಯ ಪೆಟ್ಟಿಗೆಗಳಲ್ಲಿ ಬೇಗ ಸವೆಯುವ ಭಾಗಗಳಲ್ಲಿ ಬಾಗಿಲ ಚಿಲಕವೂ ಒಂದು. ದಿನಕ್ಕೆ ಹತ್ತು ಸಲ ತೆಗೆದು ಹಾಕುವ ಭಾಗವಲ್ಲವೇ? ಚಿಲಕವು ಕೆಟ್ಟಾಗ ಕಂಪನಿಯ ಮೆಕ್ಯಾನಿಕನು ಹಳ್ಳಿಗೆ ಬರುವುದು ತಡ. ಆಗ ನಾವು ನಮ್ಮ ರೂಢಿಯಂತೆ ತಂತಿಯೋ, ಅಂಟೋ, ಹಗ್ಗವೋ ಹಿಡಿದು ಕುಳಿತುಬಿಡುತ್ತೇವೆ. ನೇಗಿಲಿಗೂ ಬಂಡಿಗೂ ಇದು ಒಳ್ಳೆಯ ರೂಢಿ. ಈ ಒಂದು ಚಿಲಕಕ್ಕೆ ಮಾತ್ರ ಅದು ಅಪಾಯದ ರೂಢಿ. ಏಕೆ ಎಂಬುದನ್ನು ತಿಳಿದುಕೊಂಡರೆ, ಮನೆಯಲ್ಲಿ ಎಷ್ಟು ಮಾಡಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬುದು ತಾನಾಗಿಯೇ ತಿಳಿಯುವುದು.

ಈ ಪೆಟ್ಟಿಗೆಯು ಹೇಗೆ ಬಿಸಿ ಮಾಡುತ್ತದೆ?

ಒವನ್ನಿನೊಳಗೆ ಬೆಂಕಿ ಇಲ್ಲ. ಮ್ಯಾಗ್ನೆಟ್ರಾನ್ ಎಂಬ ಒಂದು ನಳಿಗೆಯು ವಿದ್ಯುತ್ತಿನಿಂದ ಕಣ್ಣಿಗೆ ಕಾಣದ ಅಲೆಗಳನ್ನು ಹುಟ್ಟಿಸುತ್ತದೆ. ರೇಡಿಯೋ, ಮೊಬೈಲುಗಳ ಅಲೆಗಳೂ ಇದೇ ಕುಲದವು. ಆದರೆ ಒವನ್ನಿನೊಳಗೆ ಅವುಗಳ ಬಲವು ಬಹಳ ಹೆಚ್ಚು. ಆ ಅಲೆಗಳು ಸೆಕೆಂಡಿಗೆ ಸುಮಾರು 245 ಕೋಟಿ ಸಲ ಅದಲುಬದಲಾಗುತ್ತವೆ. ಅಲೆಯ ಉದ್ದವು ಸುಮಾರು 12 ಸೆಂಟಿಮೀಟರು. ಆಹಾರದಲ್ಲಿರುವ ನೀರಿನ ಕಣಗಳು ಈ ಅಲೆಗಳಿಂದ ಅಲ್ಲಾಡಿ ಬಿಸಿಯಾಗುತ್ತವೆ. ಆದುದರಿಂದಲೇ ನಿನ್ನೆಯ ಬೇಳೆಯು ಎರಡು ನಿಮಿಷದಲ್ಲಿ ಬಿಸಿಯಾಗುವುದು. ಪಿಂಗಾಣಿ ಬಟ್ಟಲು ಅಷ್ಟಾಗಿ ಕಾಯದಿರುವುದು.

ಮ್ಯಾಗ್ನೆಟ್ರಾನು ಮೊದಲು ಅಡುಗೆಗಾಗಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರ್‍ಯಾಂಡಲ್ ಮತ್ತು ಬೂಟ್ ಎಂಬ ಇಬ್ಬರು ವಿಜ್ಞಾನಿಗಳು ವೈರಿ ವಿಮಾನಗಳನ್ನು ಪತ್ತೆ ಹಚ್ಚುವ ರೇಡಾರಿಗೆಂದು ಬಲವಾದ ಮ್ಯಾಗ್ನೆಟ್ರಾನನ್ನು ರೂಪಿಸಿದರು. ಯುದ್ಧವು ಮುಗಿಯುವ ಹೊತ್ತಿಗೆ, 1945ರಲ್ಲಿ, ಅಮೆರಿಕೆಯ ಪರ್ಸಿ ಸ್ಪೆನ್ಸರ್ ಎಂಬಾತನು ಇದೇ ನಳಿಗೆಯಿಂದ ಆಹಾರವನ್ನು ಬಿಸಿ ಮಾಡಬಹುದೆಂದು ಕಂಡು ಪೇಟೆಂಟಿಗೆ ಅರ್ಜಿ ಹಾಕಿದನು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲಿನ ಒವನ್ನು ಆಳೆತ್ತರವಿದ್ದು, 300 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಇಡುವಂತಹ ಸಣ್ಣ ಒವನ್ನು ಅಲ್ಲಿ ಬಳಕೆಗೆ ಬಂದದ್ದು 1967ರಲ್ಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಈ ಅಲೆಗಳು ಆಹಾರವನ್ನು ವಿಷ ಮಾಡುವುದಿಲ್ಲ. ಅಣುಬಾಂಬಿನ ವಿಕಿರಣದಂತೆ ಆಹಾರದಲ್ಲಿ ಉಳಿಯುವುದೂ ಇಲ್ಲ. ದೀಪವನ್ನು ಆರಿಸಿದೊಡನೆ ಬೆಳಕು ಹೋಗುವಂತೆ, ಕರೆಂಟು ನಿಂತೊಡನೆ ಅಲೆಗಳೂ ನಿಲ್ಲುತ್ತವೆ. ಆದರೆ ಒವನ್ನು ನಡೆಯುತ್ತಿರುವಾಗ ಅಲೆಗಳು ಹೊರಬಿದ್ದರೆ ಬೇಳೆಯನ್ನು ಕಾಯಿಸಿದಂತೆ ನಮ್ಮ ಮೈಯನ್ನೂ ಕಾಯಿಸಬಲ್ಲವು. ಬೇಳೆಯಲ್ಲಿಯೂ ನೀರಿದೆ, ನಮ್ಮ ಮೈಯಲ್ಲಿಯೂ ನೀರಿದೆ. ಅದರಲ್ಲಿಯೂ ಕಣ್ಣಿನ ಮಸೂರಕ್ಕೆ ಹೆಚ್ಚಿನ ಕಾವು ಕೇಡು. ಶಾಖವನ್ನು ಒಯ್ದು ತಂಪು ಮಾಡುವ ರಕ್ತದ ಹರಿವು ಅಲ್ಲಿಲ್ಲ. ಒವನ್ನಿನ ಮುಂದೆ ನಿಲ್ಲುವ ಮಗುವಿನ ಕಣ್ಣು ಬಾಗಿಲಿನ ಮಟ್ಟಕ್ಕೇ ಇರುತ್ತದೆಂಬುದನ್ನು ತಾಯಂದಿರು ಮರೆಯಬಾರದು.

ಬಾಗಿಲು ಕಾಯುವ ಕೆಲಸ

ಈ ಬಾಗಿಲಿನಲ್ಲಿ ಮೂರು ಕಾವಲುಗಳಿವೆ.

ಮೊದಲನೆಯದು ಗಾಜಿನ ಹಿಂದಿರುವ ಲೋಹದ ಜಾಲರಿ. ಅದರ ತೂತುಗಳು ಬಹಳ ಸಣ್ಣವು. ಬೆಳಕು ಅವುಗಳಿಂದ ಹೊರಬರುತ್ತದೆ. ಆದುದರಿಂದ ಒಳಗಿನ ಬಟ್ಟಲು ನಮಗೆ ಕಾಣುತ್ತದೆ. ಆದರೆ 12 ಸೆಂಟಿಮೀಟರಿನ ಅಲೆಗೆ ಆ ಜಾಲರಿಯು ಗೋಡೆಯೇ ಸರಿ. ಸಾಣಿಗೆಯಲ್ಲಿ ಹಿಟ್ಟು ಇಳಿದು ಕಾಳು ಮೇಲೆ ಉಳಿಯುವ ಹಾಗೆ ಎನ್ನಿರಿ.

ಎರಡನೆಯದು ಬಾಗಿಲಿನ ಅಂಚು. ಅಲೆಗಳನ್ನು ತಡೆಯುವುದು ಅಲ್ಲಿಯ ರಬ್ಬರು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅಂಚಿನೊಳಗೆ, ಪ್ಲಾಸ್ಟಿಕ್ಕಿನ ಹಿಂದೆ, ಸುತ್ತಲೂ ಲೋಹದ ಕಾಲುವೆಯಂತಹ ತಗ್ಗು ಇರುತ್ತದೆ. ಅಲೆಯ ಉದ್ದದ ಕಾಲು ಭಾಗಕ್ಕೆ, ಎಂದರೆ ಸುಮಾರು 3 ಸೆಂಟಿಮೀಟರಿಗೆ, ಹೊಂದುವಂತೆ ಅದನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ಸಂದಿಯಿಂದ ಹೊರಡುವ ಅಲೆಯು ಆ ತಗ್ಗಿನೊಳಗೆ ಹೊಕ್ಕು, ಹಿಂದಿರುಗಿ, ತನಗೆ ತಾನೇ ಎದುರಾಗಿ ಅಡಗುತ್ತದೆ. ಬಾಗಿಲು ಜೋತುಬಿದ್ದರೆ, ಅಂಚು ಸೊಟ್ಟಾದರೆ ಈ ಲೆಕ್ಕವು ತಪ್ಪುವುದು.

ಮೂರನೆಯದೇ ನಮ್ಮ ಚಿಲಕ. ಬಾಗಿಲಿನ ಒಂದು ಪಕ್ಕದಲ್ಲಿ ಸಾಮಾನ್ಯವಾಗಿ ಮೇಲೊಂದು, ಕೆಳಗೊಂದು ಪ್ಲಾಸ್ಟಿಕ್ಕಿನ ಕೊಕ್ಕೆಗಳಿರುತ್ತವೆ. ಬಾಗಿಲಿನೊಳಗೆ ಅಡಗಿರುವ ಸಣ್ಣ ಸ್ಪ್ರಿಂಗು ಅವುಗಳನ್ನು ಎಳೆದು ಹಿಡಿದಿರುತ್ತದೆ. ಬಾಗಿಲು ಹಾಕಿದಾಗ ಕೊಕ್ಕೆಗಳು ಪೆಟ್ಟಿಗೆಯ ಚೌಕಟ್ಟಿನ ಎರಡು ಸಂದುಗಳಲ್ಲಿ ಹೊಕ್ಕು “ಟಕ್” ಎಂದು ಕೂರುತ್ತವೆ. ಕುಳಿತು ಸುಮ್ಮನಿರುವುದಿಲ್ಲ. ಆ ಸಂದುಗಳ ಹಿಂದಿರುವ ಸಣ್ಣ ಸ್ವಿಚ್ಚುಗಳನ್ನು ಒತ್ತುತ್ತವೆ.

ಸಾಮಾನ್ಯವಾಗಿ ಈ ಸ್ವಿಚ್ಚುಗಳು ಮೂರು. ಎರಡು ಸ್ವಿಚ್ಚುಗಳು ಬಾಗಿಲು ತೆರೆದೊಡನೆ ಅಲೆ ಹುಟ್ಟುವುದನ್ನು ನಿಲ್ಲಿಸುತ್ತವೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡಲಿ ಎಂದೇ ಎರಡನ್ನು ಇಟ್ಟಿರುವುದು. ಮೂರನೆಯದು ಇವುಗಳ ಮೇಲಿನ ಕಾವಲುಗಾರ. ಬಾಗಿಲು ತೆರೆದರೂ ಮೊದಲಿನವು ಅಂಟಿಕೊಂಡು ಕರೆಂಟನ್ನು ಬಿಡದಿದ್ದರೆ, ಈ ಮೂರನೆಯದು ಬೇಕೆಂದೇ ಎರಡು ತಂತಿಗಳನ್ನು ಕೂಡಿಸಿ ಫ್ಯೂಜನ್ನು ಸುಡುತ್ತದೆ. ಪೆಟ್ಟಿಗೆಯು ಸತ್ತಂತಾಗುತ್ತದೆ. ಹೀಗೆ ಫ್ಯೂಜು ಸುಟ್ಟದ್ದು ಕಾವಲುಗಾರನು ತನ್ನ ಕೆಲಸವನ್ನು ಮಾಡಿದ ಗುರುತು.

ಈ ಏರ್ಪಾಡು ಸುಮ್ಮನೆ ಬಂದದ್ದಲ್ಲ. ಅಮೆರಿಕೆಯು 1968ರಲ್ಲಿ ವಿಕಿರಣ ನಿಯಂತ್ರಣದ ಕಾಯಿದೆಯನ್ನು ಮಾಡಿ, 1971ರಿಂದ ತಯಾರಾಗುವ ಪ್ರತಿಯೊಂದು ಒವನ್ನಿಗೂ ಇಂತಹ ಎರಡು ಸ್ವತಂತ್ರ ತಡೆಗಳು ಇರಬೇಕೆಂದು ವಿಧಿಸಿತು. ಹಳೆಯದಾದ ಮೇಲೆಯೂ ಒವನ್ನಿನಿಂದ 5 ಸೆಂಟಿಮೀಟರು ದೂರದಲ್ಲಿ ಸೋರುವ ಅಲೆಯು ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟನ್ನು ಮೀರಕೂಡದೆಂದು ಗೊತ್ತುಪಡಿಸಿತು. ನಮ್ಮ ದೇಶದಲ್ಲಿಯೂ ಒವನ್ನುಗಳ ಸುರಕ್ಷತೆಗೆ ಭಾರತೀಯ ಮಾನಕವಿದೆ. 2012ರ ಆದೇಶದ ಮೇರೆಗೆ ಅವುಗಳಿಗೆ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿಯು ಕಡ್ಡಾಯವಾಯಿತು. ಹೊಸದನ್ನು ಕೊಳ್ಳುವವರು ಹಿಂಬದಿಯ ಚೀಟಿಯಲ್ಲಿ ಆ ಗುರುತನ್ನು ನೋಡಿಯೇ ಕೊಳ್ಳಬೇಕು.

ದೋಷವನ್ನು ಗುರುತಿಸುವ ಬಗೆ

ರೋಗವನ್ನು ತಿಳಿಯದೆ ಔಷಧ ಹೊಡೆಯಬಾರದೆಂದು ತೊಗರಿಯ ಬೆಳೆಯು ನಮಗೆ ಕಲಿಸಿದೆ. ಇಲ್ಲಿಯೂ ಹಾಗೆಯೇ.

1. ಬಾಗಿಲು ಮುಚ್ಚುವುದಿಲ್ಲ, ಅಥವಾ ಮುಚ್ಚಿದರೂ ತೆರೆದುಕೊಳ್ಳುತ್ತದೆ. ಅಂಚಿನಲ್ಲಿ ಒಣಗಿದ ಅನ್ನ, ಜಿಡ್ಡು ಕುಳಿತಿರಬಹುದು. ತಿರುಗುವ ಗಾಜಿನ ತಟ್ಟೆಯು ಜಾಗ ತಪ್ಪಿ ಬಾಗಿಲಿಗೆ ತಾಗುತ್ತಿರಬಹುದು. ಕೊಕ್ಕೆಯ ಸ್ಪ್ರಿಂಗು ಕಳಚಿರಬಹುದು.

2. ಬಾಗಿಲು ಮುಚ್ಚಿದೆ, ಆದರೆ ಒವನ್ನು ಶುರುವಾಗುವುದಿಲ್ಲ. ಮೊದಲು ವೇಳೆಯನ್ನು ಸರಿಯಾಗಿ ಇಟ್ಟಿದ್ದೀರಾ, ಮಕ್ಕಳ ಬೀಗದ ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೇ ನೋಡಿರಿ. ಅವು ಸರಿ ಇದ್ದರೆ ಕೊಕ್ಕೆಯು ಸ್ವಿಚ್ಚನ್ನು ಪೂರ್ತಿಯಾಗಿ ಒತ್ತುತ್ತಿಲ್ಲ, ಅಥವಾ ಸ್ವಿಚ್ಚು ಸವೆದಿದೆ.

3. ಗುಂಡಿಯನ್ನು ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ಕೊಕ್ಕೆಯು ಸಿಕ್ಕಿಕೊಂಡಿದೆ, ಅಥವಾ ಗುಂಡಿಯ ಹಿಂದಿನ ಪ್ಲಾಸ್ಟಿಕ್ಕು ಮುರಿದಿದೆ.

4. ಬಾಗಿಲು ತೆರೆದ ಕ್ಷಣವೇ “ಟಪ್” ಎಂದು ಎಲ್ಲವೂ ನಿಂತು, ದೀಪವೂ ಹತ್ತದಂತಾಯಿತು. ಮೇಲೆ ಹೇಳಿದ ಕಾವಲಿನ ಸ್ವಿಚ್ಚು ಫ್ಯೂಜನ್ನು ಸುಟ್ಟಿರುವ ಸಂಭವವೇ ಹೆಚ್ಚು. ಉಳಿದ ಸ್ವಿಚ್ಚುಗಳಲ್ಲಿ ದೋಷವಿದೆ ಎಂದು ಇದರ ಅರ್ಥ. ಫ್ಯೂಜನ್ನು ಮಾತ್ರ ಬದಲಿಸಿದರೆ ರೋಗವು ಹಾಗೆಯೇ ಉಳಿಯುವುದು.

5. ಬಾಗಿಲು ತೆರೆದರೂ ಒವನ್ನು ನಡೆಯುತ್ತಲೇ ಇದೆ, ತಟ್ಟೆಯು ತಿರುಗುತ್ತಲೇ ಇದೆ. ಎಲ್ಲಕ್ಕಿಂತ ದೊಡ್ಡ ಅಪಾಯವಿದು. ಮುಂದೆ ನಿಂತು ನೋಡಬೇಡಿರಿ. ಕೂಡಲೇ ಪಕ್ಕಕ್ಕೆ ಸರಿದು ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತಿಡಿರಿ. ರಿಪೇರಿ ಆಗುವವರೆಗೆ ಮತ್ತೆ ಹಚ್ಚಕೂಡದು. ಆದರೆ ಬಾಗಿಲು ತೆರೆದಾಗ ಒಳಗಿನ ದೀಪವು ಹತ್ತಿರುವುದು, ಕೆಲವು ಒವನ್ನುಗಳಲ್ಲಿ ತಂಪು ಮಾಡುವ ಫ್ಯಾನು ಸ್ವಲ್ಪ ಹೊತ್ತು ತಿರುಗುವುದು ದೋಷವಲ್ಲ.

ಮನೆಯಲ್ಲಿ ಮಾಡಬೇಕಾದ ಕೆಲಸ

ಈಗ ನಮ್ಮ ಕೈಯಲ್ಲಿರುವ ಕೆಲಸಕ್ಕೆ ಬರೋಣ. ಇದಕ್ಕೆ ಮೊಳೆ ತಿರುಗಿಸುವ ಸ್ಕ್ರೂಡ್ರೈವರು ಬೇಕಿಲ್ಲ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನು, ಎರಡು ಮೆತ್ತನೆಯ ಬಟ್ಟೆ, ಮಕ್ಕಳ ಒಂದು ಗೋಲಿ, ಇಷ್ಟು ಸಾಕು. ಹಗಲಿನ ಬೆಳಕಿನಲ್ಲಿ ಮಾಡಿರಿ.

ಮೊದಲನೆಯ ಹೆಜ್ಜೆ: ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಿರಿ. “ಹೇಗೂ ಕರೆಂಟು ಹೋಗಿದೆ” ಎಂದು ಕೆಲಸಕ್ಕೆ ಕೂರಬೇಡಿರಿ. ಹೋದ ಕರೆಂಟು ಯಾವ ಗಳಿಗೆಯಲ್ಲಿ ಬರುವುದೋ ಹೇಳಲಾಗದು. ಪಂಪಿನ ಸ್ಟಾರ್ಟರಿನ ಮುಂದೆ ಹೀಗೆ ಕುಳಿತು ಕೇಡಾದ ಸಂಗತಿಗಳನ್ನು ನೀವು ಕೇಳಿಯೇ ಇದ್ದೀರಿ.

ಎರಡನೆಯ ಹೆಜ್ಜೆ: ಬಾಗಿಲನ್ನು ತೆರೆದು ಕಣ್ಣಿಟ್ಟು ನೋಡಿರಿ. ಕೊಕ್ಕೆಗಳು ಇಡಿಯಾಗಿವೆಯೇ? ತುದಿಯು ಮುರಿದಿದೆಯೇ? ಗಾಜು ಬಿರುಕು ಬಿಟ್ಟಿದೆಯೇ? ಅಂಚಿನ ಲೋಹವು ಸುಟ್ಟು ಕಪ್ಪಾಗಿದೆಯೇ, ತುಕ್ಕು ಹಿಡಿದಿದೆಯೇ? ಈ ಪೈಕಿ ಒಂದಾದರೂ ಇದ್ದರೆ ಮನೆಯ ರಿಪೇರಿಯನ್ನು ಇಲ್ಲಿಗೇ ನಿಲ್ಲಿಸಿರಿ. ಆ ಒವನ್ನನ್ನು ಮೆಕ್ಯಾನಿಕನು ನೋಡುವವರೆಗೆ ಬಳಸಕೂಡದು.

ಮೂರನೆಯ ಹೆಜ್ಜೆ: ಶುಚಿ ಮಾಡಿರಿ. ಸಾಬೂನಿನ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ, ಬಾಗಿಲಿನ ಅಂಚು, ಚೌಕಟ್ಟು, ಕೊಕ್ಕೆಗಳನ್ನು ಒರೆಸಿರಿ. ಒಣಗಿದ ಜಿಡ್ಡು ಬಿಡದಿದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಇಟ್ಟು ಮತ್ತೆ ಒರೆಸಿರಿ. ಬೂದಿ, ಮರಳು, ತಂತಿಯ ಜುಂಗು ಬೇಡ; ಅವು ಅಂಚನ್ನು ಕೆರೆಯುತ್ತವೆ. ಕೊಕ್ಕೆಗಳು ಹೊಕ್ಕುವ ಸಂದುಗಳೊಳಗೆ ನೀರು ಹೋಗಕೂಡದು. ಕೊಕ್ಕೆಯು ಬಿಗಿಯಾಗಿದೆಯೆಂದು ಶೇಂಗಾ ಎಣ್ಣೆಯನ್ನೋ ಬಂಡಿಯ ಗ್ರೀಸನ್ನೋ ಹಚ್ಚಬೇಡಿರಿ. ಎಣ್ಣೆಗೆ ಧೂಳು ಅಂಟುತ್ತದೆ, ಧೂಳಿಗೆ ಜಿರಲೆ ಬರುತ್ತದೆ, ಸ್ವಿಚ್ಚಿಗೆ ಜಿಡ್ಡು ಇಳಿಯುತ್ತದೆ. ಒರೆಸಿದ ಮೇಲೆ ಒಣಬಟ್ಟೆಯಿಂದ ತೇವವನ್ನು ತೆಗೆದು, ಬಾಗಿಲನ್ನು ತೆರೆದಿಟ್ಟು ಅರ್ಧ ಗಂಟೆ ಆರಲು ಬಿಡಿರಿ.

ನಾಲ್ಕನೆಯ ಹೆಜ್ಜೆ: ಕೊಕ್ಕೆಯನ್ನು ಪರೀಕ್ಷಿಸಿರಿ. ಬಾಗಿಲು ತೆರೆದಿರುವಾಗ ಕೊಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆತ್ತಿ ಬಿಡಿರಿ. ಅದು ಚುರುಕಾಗಿ ತನ್ನ ಜಾಗಕ್ಕೆ ಮರಳಬೇಕು. ಕೊಕ್ಕೆಗಳು ಅಲುಗದಂತೆ ಕೂಡಿಸಿದ ಒವನ್ನುಗಳೂ ಉಂಟು. ಅಲುಗದಿದ್ದರೆ ಒತ್ತಾಯ ಮಾಡಬೇಡಿರಿ. ಅಲುಗುವ ಕೊಕ್ಕೆಯು ಎತ್ತಿದಲ್ಲಿಯೇ ಸೋತು ನಿಂತರೆ ಸ್ಪ್ರಿಂಗು ಕಳಚಿದೆ, ಇಲ್ಲವೇ ಮುರಿದಿದೆ ಎಂದು ತಿಳಿಯಿರಿ. ಜಿಡ್ಡಿನಿಂದ ಮಾತ್ರ ಬಿಗಿಯಾಗಿದ್ದರೆ ಶುಚಿ ಮಾಡಿದ ಮೇಲೆ ಸರಿಹೋಗುವುದು.

ಐದನೆಯ ಹೆಜ್ಜೆ: ಬಾಗಿಲಿನ ಕೀಲನ್ನು ನೋಡಿರಿ. ತೆರೆದ ಬಾಗಿಲಿನ ತುದಿಯನ್ನು ಹಿಡಿದು ಮೆಲ್ಲಗೆ ಎತ್ತಿರಿ. ಸಡಿಲವಾಗಿ ಏರಿಳಿದರೆ ಕೀಲು ಸವೆದಿದೆ. ಬಾಗಿಲನ್ನು ಮುಚ್ಚಿ, ಸುತ್ತಲಿನ ಸಂದಿಯು ಮೇಲೆ ಕೆಳಗೆ ಒಂದೇ ಸಮವಾಗಿದೆಯೇ ನೋಡಿರಿ. ಒಂದು ಕಡೆ ಅಗಲ, ಒಂದು ಕಡೆ ಕಿರಿದು ಇದ್ದರೆ ಬಾಗಿಲು ಜೋತುಬಿದ್ದಿದೆ. ಬಾಗಿಲಿಗೆ ಜೋಲಿ ಬೀಳುವ ಮಕ್ಕಳು, ಒದ್ದೆ ಬಟ್ಟೆಯನ್ನು ಬಾಗಿಲ ಮೇಲೆ ಒಣಗಲು ಹಾಕುವ ರೂಢಿ, ಧಡ್ಡನೆ ಬಡಿದು ಮುಚ್ಚುವ ಕೈ, ಈ ಮೂರೂ ಕೀಲಿಗೆ ಶತ್ರುಗಳು.

ಆರನೆಯ ಹೆಜ್ಜೆ: ಪೆಟ್ಟಿಗೆಯು ಸಮವಾಗಿ ಕುಳಿತಿದೆಯೇ ನೋಡಿರಿ. ಗೋಲಿಯನ್ನು ಅದರ ತಲೆಯ ಮೇಲೆ ಇಡಿರಿ. ಒಂದೇ ಕಡೆಗೆ ಓಡಿದರೆ ಕಟ್ಟೆಯು ಸೊಟ್ಟಾಗಿದೆ. ಸೊಟ್ಟ ನೆಲದ ಮೇಲೆ ಬಾಗಿಲು ವಾಲಿ ಕೊಕ್ಕೆಯು ಸಂದಿಗೆ ಸರಿಯಾಗಿ ಕೂರದಿರಬಹುದು. ಕಾಲುಗಳ ಕೆಳಗೆ ಗಟ್ಟಿಯಾದ ಹಲಗೆಯ ತುಂಡನ್ನು ಇಟ್ಟು ಸಮ ಮಾಡಿರಿ. ಗಾಳಿಯಾಡುವ ಸಂದುಗಳನ್ನು ಮುಚ್ಚಬೇಡಿರಿ. ಇಷ್ಟು ಸಣ್ಣ ಕೆಲಸದಿಂದಲೇ “ಕೆಟ್ಟ” ಚಿಲಕವು ಸರಿಯಾಗುವುದುಂಟು.

ಏಳನೆಯ ಹೆಜ್ಜೆ: ನಡೆಸಿ ನೋಡಿರಿ. ಒಂದು ಪಿಂಗಾಣಿ ಕಪ್ಪಿನಲ್ಲಿ ನೀರಿಟ್ಟು, ಬಾಗಿಲನ್ನು ಮುಚ್ಚಿ, ಒಂದು ನಿಮಿಷಕ್ಕೆ ಹಚ್ಚಿರಿ. ಒಳಗೆ ಏನೂ ಇಲ್ಲದೆ ಹಚ್ಚಕೂಡದು. ಅರ್ಧ ನಿಮಿಷಕ್ಕೆ ಬಾಗಿಲನ್ನು ತೆರೆಯಿರಿ. ಒವನ್ನು ತಕ್ಷಣವೇ ನಿಲ್ಲಬೇಕು. ಮತ್ತೆ ಮುಚ್ಚಿ ಶುರು ಮಾಡಿದರೆ ನಡೆಯಬೇಕು. ಹೀಗೆ ಎರಡು ಮೂರು ಸಲ ತಪ್ಪದೆ ಆದರೆ ಮನೆಯ ರಿಪೇರಿಯು ಫಲಿಸಿತೆಂದು ತಿಳಿಯಿರಿ. ಒಂದು ಸಲ ತಪ್ಪಿದರೂ ಪ್ಲಗ್ಗನ್ನು ಕಿತ್ತಿಡಿರಿ.

ಬಾಗಿಲಿನ ಸಂದಿಗೆ ಕಾಗದವನ್ನು ಸಿಕ್ಕಿಸಿ ಎಳೆದು ನೋಡುವುದು, ಒಳಗೆ ಮೊಬೈಲನ್ನಿಟ್ಟು ಕರೆ ಮಾಡಿ ನೋಡುವುದು, ಈ ಎರಡು “ಪರೀಕ್ಷೆ”ಗಳು ಜನರ ಬಾಯಲ್ಲಿವೆ. ಅಲೆಯು ಎಷ್ಟು ಸೋರುತ್ತಿದೆ ಎಂಬುದು ಇವುಗಳಿಂದ ತಿಳಿಯದು. ಅದಕ್ಕೆ ಬೇರೆಯೇ ಮಾಪಕ ಬೇಕು.

ಮನೆಯಲ್ಲಿ ಮಾಡಕೂಡದ ಕೆಲಸ

ಹೊರಗಿನ ತಗಡಿನ ಕವಚವನ್ನು ಬಿಚ್ಚಕೂಡದು. ನಮ್ಮ ಮನೆಯ ಕರೆಂಟು 230 ವೋಲ್ಟು. ಒವನ್ನಿನೊಳಗಿನ ಟ್ರಾನ್ಸ್‌ಫಾರ್ಮರು ಅದನ್ನು ಸುಮಾರು 2,000 ವೋಲ್ಟಿಗೆ ಏರಿಸುತ್ತದೆ. ಮುಂದೆ ಕಂಡೆನ್ಸರಿನ ಜೊತೆಗೂಡಿ ಅದು ಸುಮಾರು 4,000 ವೋಲ್ಟಿಗೆ ಮುಟ್ಟುತ್ತದೆ. ಪಂಪಿನ, ಫ್ಯಾನಿನ ಕಂಡೆನ್ಸರನ್ನು ನೀವು ಬಲ್ಲಿರಿ. ಹೆಸರು ಒಂದೇ, ಆದರೆ ಇದು ಬೇರೆಯ ಹುಲಿ. ಪ್ಲಗ್ಗನ್ನು ಕಿತ್ತ ಮೇಲೆಯೂ ಕರೆಂಟು ಅದರಲ್ಲಿ ಉಳಿದಿರಬಹುದು. ಅದನ್ನು ಇಳಿಸಲು ಒಳಗೆ ಏರ್ಪಾಡು ಇರುತ್ತದೆಯಾದರೂ ಆ ಏರ್ಪಾಡೇ ಕೆಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಅದನ್ನು ಮುಟ್ಟಿದವನಿಗೆ ಎರಡನೆಯ ಅವಕಾಶ ಸಿಗದೇ ಹೋಗಬಹುದು.

ಮುರಿದ ಕೊಕ್ಕೆಗೆ ಅಂಟು ಹಚ್ಚಕೂಡದು. ಸ್ವಿಚ್ಚುಗಳು ಒಂದು ಗೊತ್ತಾದ ಸರದಿಯಲ್ಲಿ ಒತ್ತಬೇಕು, ಬಿಡಬೇಕು. ಅಂಟಿಸಿದ ಕೊಕ್ಕೆಯು ಕೂದಲೆಳೆಯಷ್ಟು ಗಿಡ್ಡವಾದರೂ ಆ ಸರದಿಯು ತಪ್ಪಬಹುದು. ಇನ್ನೂ ದೊಡ್ಡ ಅಪಾಯವೇನೆಂದರೆ, ಅಂಟಿಸಿದ ತುದಿಯು ಮತ್ತೆ ಮುರಿದು ಸಂದಿಯೊಳಗೇ ಉಳಿದರೆ, ಸ್ವಿಚ್ಚು ಒತ್ತಿದಂತೆಯೇ ಇರುತ್ತದೆ. ಬಾಗಿಲು ತೆರೆದಿದ್ದರೂ ಒವನ್ನು ಬಾಗಿಲು ಮುಚ್ಚಿದೆಯೆಂದೇ ತಿಳಿಯಬಹುದು.

ಇದೇ ಕಾರಣದಿಂದ ಸಂದಿಯೊಳಗೆ ಕಡ್ಡಿ, ಮೊಳೆ, ಸ್ಕ್ರೂಡ್ರೈವರುಗಳನ್ನು ತೂರಿಸಕೂಡದು. ಬಾಗಿಲನ್ನು ಹಗ್ಗದಿಂದ ಕಟ್ಟಿ, ಟೇಪು ಸುತ್ತಿ, ಇಟ್ಟಿಗೆಯನ್ನು ಒತ್ತಿಟ್ಟು ನಡೆಸಕೂಡದು. ಫ್ಯೂಜಿನ ಜಾಗದಲ್ಲಿ ದಪ್ಪ ತಂತಿಯನ್ನು ಹಾಕಕೂಡದು; ಅದು ಮನೆ ಕಾಯುವ ನಾಯಿಯ ಬಾಯಿ ಕಟ್ಟಿದಂತೆ.

ಯಾರಿಗಾದರೂ ಕರೆಂಟು ಹೊಡೆದರೆ ಅವರನ್ನು ಬರಿಗೈಯಿಂದ ಎಳೆಯಬೇಡಿರಿ. ಮೊದಲು ಮೇನ್ ಸ್ವಿಚ್ಚನ್ನು ಆರಿಸಿರಿ. ಅದು ಸಾಧ್ಯವಾಗದಿದ್ದರೆ ಒಣಗಿದ ಹಲಗೆಯ ಮೇಲೆ ನಿಂತು, ಒಣಕಟ್ಟಿಗೆಯಿಂದ ತಂತಿಯನ್ನು ದೂಡಿರಿ. ಕೂಡಲೇ 108ಕ್ಕೆ ಕರೆ ಮಾಡಿರಿ.

ಮೆಕ್ಯಾನಿಕನ ಬಳಿ ಹೋದಾಗ

ಸ್ಪ್ರಿಂಗು ಕಳಚಿದ್ದರೆ, ಕೊಕ್ಕೆ ಮುರಿದಿದ್ದರೆ, ಸ್ವಿಚ್ಚು ಸವೆದಿದ್ದರೆ ಒವನ್ನನ್ನು ಔರಾದ, ಭಾಲ್ಕಿ ಅಥವಾ ಬೀದರದಲ್ಲಿ ಈ ಕೆಲಸವನ್ನು ಬಲ್ಲವರ ಬಳಿ ಒಯ್ಯಬೇಕು. ಒಯ್ಯುವ ಮೊದಲು ಹಿಂಬದಿಯ ಚೀಟಿಯಲ್ಲಿರುವ ಮಾಡೆಲ್ ನಂಬರನ್ನು ಬರೆದುಕೊಂಡು, ಫೋನಿನಲ್ಲಿಯೇ ಆ ಮಾಡೆಲಿನ ಕೊಕ್ಕೆಯು ಸಿಗುವುದೇ ಎಂದು ಕೇಳಿರಿ. ಬಸ್ಸಿನ ಖರ್ಚು ಉಳಿಯುವುದು. ಗಾಜಿನ ತಟ್ಟೆಯನ್ನು ಮನೆಯಲ್ಲಿಯೇ ಬಿಟ್ಟು, ಬಾಗಿಲು ಅಲುಗಾಡದಂತೆ ಬಟ್ಟೆ ಸುತ್ತಿ ಒಯ್ಯಿರಿ.

ಅಲ್ಲಿ ಕೆಲವರು ಬೇಗನೆ ಕೆಲಸ ಮುಗಿಸಲು ಹೀಗೆ ಹೇಳುವುದುಂಟು: “ಸ್ವಿಚ್ ಡೈರೆಕ್ಟ್ ಮಾಡಿ ಕೊಡ್ತೀನಿ ಕಾಕಾ, ರೊಕ್ಕಾನೂ ಕಮ್ಮಿ, ಕೆಲಸಾನೂ ನಡೀತದ.” ನಿಮ್ಮ ಉತ್ತರವು ಒಂದೇ ಇರಬೇಕು: “ಡೈರೆಕ್ಟ್ ಬ್ಯಾಡಪಾ. ನಾಕು ದಿನ ತಡ ಆದ್ರೂ ಆಗ್ಲಿ, ಹೊಸಾದೇ ಹಾಕು.” ಡೈರೆಕ್ಟ್ ಮಾಡುವುದೆಂದರೆ ಸ್ವಿಚ್ಚನ್ನು ತಪ್ಪಿಸಿ ತಂತಿಗಳನ್ನು ಕೂಡಿಸಿಬಿಡುವುದು. ಒವನ್ನು ನಡೆಯುತ್ತದೆ, ನಿಜ. ಆದರೆ ಬಾಗಿಲು ತೆರೆದರೂ ನಡೆಯುತ್ತದೆ! ಮುಂದೆ ಮೊಮ್ಮಗಳು ಬಾಗಿಲು ತೆರೆದು ಕೈಯಿಕ್ಕಿದಾಗ ಅವಳನ್ನು ಕಾಯುವವರು ಯಾರು?

ಮೆಕ್ಯಾನಿಕನನ್ನು ನಾಲ್ಕು ಪ್ರಶ್ನೆ ಕೇಳಲು ಸಂಕೋಚ ಬೇಡ. ಅದೇ ಮಾಡೆಲಿನ ಕೊಕ್ಕೆ, ಸ್ಪ್ರಿಂಗು ಹಾಕಿದ್ದೀರಾ? ಸ್ವಿಚ್ಚುಗಳನ್ನು ಅದೇ ಅಳತೆಯವುಗಳಿಂದ ಬದಲಿಸಿದ್ದೀರಾ? ಫ್ಯೂಜು ಗೊತ್ತಾದ ಅಳತೆಯದೇ? ರಿಪೇರಿಯಾದ ಮೇಲೆ ಅಲೆ ಸೋರುವುದನ್ನು ಮಾಪಕದಿಂದ ಅಳೆದಿರಾ? ನಾಲ್ಕನೆಯ ಪ್ರಶ್ನೆಗೆ “ಮಾಪಕ ಇಲ್ಲ” ಎಂಬ ಉತ್ತರ ಬಂದರೆ ಮಾಪಕವಿರುವ ಕಂಪನಿಯ ಸರ್ವೀಸ್ ಕೇಂದ್ರವನ್ನು ಹುಡುಕಿರಿ. ಬದಲಿಸಿದ ಹಳೆಯ ಭಾಗಗಳನ್ನೂ ರಸೀದಿಯನ್ನೂ ಕೇಳಿ ಪಡೆಯಿರಿ. ರಸೀದಿ ಇದ್ದರೆ, ಕೆಲಸದಲ್ಲಿ ಮೋಸವಾದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಲು ಆಧಾರವಾಗುವುದು.

ಬಾಗಿಲು ಸೊಟ್ಟಾಗಿ, ಭಾಗಗಳೂ ಸಿಗದಿದ್ದರೆ ಆ ಒವನ್ನಿನ ಆಯುಷ್ಯವು ತೀರಿತೆಂದು ತಿಳಿಯಿರಿ. ಯಾರೂ ಮತ್ತೆ ಹಚ್ಚದಂತೆ, ಪ್ಲಗ್ಗನ್ನು ಕಿತ್ತ ಮೇಲೆ ವೈರನ್ನು ಕತ್ತರಿಸಿ ಗುಜರಿಗೆ ಕೊಡಿರಿ. ಮಕ್ಕಳಿಗೆ ಆಟದ ಪೆಟ್ಟಿಗೆಯಾಗಿ ಕೊಡಬೇಡಿರಿ. ಅದರ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ, ಕಾಡುಹಂದಿಯ ಕಾಟಕ್ಕೆಂದು ಹೊಲದ ತಂತಿಗೆ ಜೋಡಿಸುವ ಯೋಚನೆಯನ್ನಂತೂ ಮಾಡಲೇಕೂಡದು. ಹಂದಿಗಿಂತ ಮೊದಲು ನೀರು ಹಾಯಿಸಲು ಹೋದ ನಮ್ಮವರೇ ಅದಕ್ಕೆ ಬಲಿಯಾದಾರು.

ಇದೇ ಪಾಠ ಹೊಲದಲ್ಲಿಯೂ

ಒವನ್ನು ಇಲ್ಲದ ಮನೆಯವರು “ಇದು ನಮಗಲ್ಲ” ಎಂದು ಪುಟ ತಿರುವಬೇಡಿರಿ. ಸೋಯಾ, ಕಡಲೆ, ತೊಗರಿಯ ರಾಶಿ ಮಾಡುವ ಯಂತ್ರಕ್ಕೆ ಕಾಳು ಸುರಿಯುವ ಕಡೆ ತಗಡಿನ ಮರೆ ಇರುತ್ತದೆ. ಬೆಲ್ಟಿಗೆ ಜಾಲರಿಯ ಮುಚ್ಚಳವಿರುತ್ತದೆ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿಗೆ ಕವಚವಿರುತ್ತದೆ. ಮೇವು ಕತ್ತರಿಸುವ ಯಂತ್ರದ ಚಕ್ರಕ್ಕೆ ತಡೆಕೊಂಡಿ ಇರುತ್ತದೆ. ಕೆಲಸಕ್ಕೆ ಅಡ್ಡಿಯಾಯಿತೆಂದು ಇವುಗಳನ್ನು ಬಿಚ್ಚಿ ಮೂಲೆಗೆ ಎಸೆಯುವುದು ನಮ್ಮಲ್ಲಿ ಸಾಮಾನ್ಯ. ರಾಶಿ ಯಂತ್ರಗಳಿಗೆ ಸಿಕ್ಕಿ ಕೈ ಕಳೆದುಕೊಂಡವರಿಂದಾಗಿಯೇ 1983ರಲ್ಲಿ ಕೇಂದ್ರ ಸರ್ಕಾರವು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ತರಬೇಕಾಯಿತು. ಕಾಯಿದೆಯು ಕಾಗದದ ಮೇಲಿದೆ. ಮರೆಯನ್ನು ಯಂತ್ರದ ಮೇಲೆ ಇಡಬೇಕಾದವರು ನಾವು.

ಯಂತ್ರದಲ್ಲಿ ಎರಡು ಬಗೆಯ ಭಾಗಗಳಿರುತ್ತವೆ. ಕೆಲವು ಕೆಲಸವನ್ನು ಮಾಡುತ್ತವೆ; ಕೆಲವು ಕೆಲಸ ಮಾಡುವವನನ್ನು ಕಾಯುತ್ತವೆ. ಮೊದಲನೆಯದು ಕೆಟ್ಟರೆ ಯಂತ್ರ ನಿಲ್ಲುತ್ತದೆ, ನಮಗೆ ತಿಳಿಯುತ್ತದೆ. ಎರಡನೆಯದನ್ನು ತಪ್ಪಿಸಿದರೂ ಯಂತ್ರವು ನಡೆಯುತ್ತಲೇ ಇರುತ್ತದೆ. ಆದುದರಿಂದಲೇ ಮೋಸ ಹೋಗುತ್ತೇವೆ. ಒವನ್ನಿನ ಚಿಲಕವು ಎರಡೂ ಕೆಲಸವನ್ನು ಒಟ್ಟಿಗೆ ಮಾಡುವ ಭಾಗ. ಅದನ್ನು ಶುಚಿಯಾಗಿಡುವುದು, ಮೆಲ್ಲಗೆ ಮುಚ್ಚುವುದು, ದೋಷವನ್ನು ಬೇಗ ಗುರುತಿಸುವುದು ಮನೆಯವರ ಕೆಲಸ. ಅದನ್ನು ಬಿಚ್ಚಿ ಕೂಡಿಸುವುದು ಬಲ್ಲವರ ಕೆಲಸ. ಅದನ್ನು ತಪ್ಪಿಸಿ ನಡೆಸುವುದು ಯಾರ ಕೆಲಸವೂ ಅಲ್ಲ.

ಸಂಘದಲ್ಲಿ ಕೂಡಿ ಚರ್ಚಿಸಿರಿ

1. ಒವನ್ನಿನ ಚಿಲಕವು ಮನೆಯ ಬಾಗಿಲ ಚಿಲಕಕ್ಕಿಂತ ಹೇಗೆ ಬೇರೆ?
2. ಬಾಗಿಲು ತೆರೆದಾಗ ಫ್ಯೂಜು ಸುಟ್ಟರೆ ದಪ್ಪ ತಂತಿಯನ್ನು ಏಕೆ ಹಾಕಕೂಡದು?
3. ಪ್ಲಗ್ಗನ್ನು ಕಿತ್ತ ಮೇಲೆಯೂ ಕವಚವನ್ನು ಬಿಚ್ಚಬಾರದೇಕೆ?
4. ನಿಮ್ಮ ಮನೆಯ, ಹೊಲದ ಯಂತ್ರಗಳಲ್ಲಿ ಕಾಯುವ ಭಾಗಗಳು ಯಾವುವು? ಅವುಗಳಲ್ಲಿ ಯಾವುದನ್ನು ಬಿಚ್ಚಿ ಇಟ್ಟಿದ್ದೀರಿ?

ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನು ಬಾಯಿಂದ ಹೇಳಿದರೆ ಸಾಲದು. ಸಂಜೆ ಮನೆಗೆ ಹೋಗಿ, ಬಿಚ್ಚಿ ಎಸೆದ ಆ ಮರೆಯನ್ನು ಹುಡುಕಿ, ಧೂಳು ಒರೆಸಿ, ಮತ್ತೆ ಅದರ ಜಾಗಕ್ಕೆ ಕೂರಿಸಿರಿ. ಈ ಪಾಠವು ಅಲ್ಲಿಗೆ ಮುಗಿಯಿತು.